ಯಾರ ಕಂಬದ ಮೇಲೆ ಸೇತುವೆ?

ನಮ್ಮನೆಯವರ ಹೆಸರು ಕೋ ಮೂಹುವೊ. ಅಡುಗೆ ಹುವೊ ಅಂದರೆ ನಮ್ಮೂರಲ್ಲಿ ಹಾಲು ಕುಡಿಯೋ ಮಗುವಿಗೂ ಗೊತ್ತು. ಮದುವೆಯಿರಲಿ, ಗೃಹಪ್ರವೇಶವಿರಲಿ, ಅಜ್ಜಂದಿರ ಎಂಬತ್ತರ ಸಂಭ್ರಮವಿರಲಿ, ರಸ್ತೆಗೆ ಅಡ್ಡಲಾಗಿ ಕೆಂಪು ಪಟ್ಟೆಯ ಶಾಮಿಯಾನ ಎದ್ದು ಗುಂಡು ಮೇಜುಗಳು ಬಿದ್ದವು ಅಂದರೆ, ಅದರ ಹಿಂದೆ ಗ್ಯಾಸ್ ಒಲೆಗಳ ಸಾಲಿನಲ್ಲಿ ಇವರು ಬನಿಯನ್ ಹಾಕಿಕೊಂಡು ಬೆವರು ಸುರಿಸುತ್ತಾ ನಿಂತಿರುತ್ತಾರೆ. ನಾನು ಸುಲಾನ್, ಇವರ ಹೆಂಡತಿ. ತರಕಾರಿ ಹೆಚ್ಚುವ ಹೆಂಗಸರ ಮೇಲೆ ಕೂಗಾಡುವುದು ನನ್ನ ಕೆಲಸ. ಇವರಿಗೆ ಕೂಗಾಡಲು ಬರುವುದಿಲ್ಲ. ಹಾಗಾಗಿ ಇಬ್ಬರ ಪಾಲಿನದನ್ನೂ ನಾನೇ ಕೂಗಾಡುತ್ತೇನೆ.

ಮೂವತ್ತು ಚಿಲ್ಲರೆ ವರ್ಷ ಒಂದೇ ಮಂಚದಲ್ಲಿ ಮಲಗಿದರೂ ಈ ಮನುಷ್ಯ ಯಾರಿಗೆ ಮತ ಹಾಕುತ್ತಾರೆ ಅನ್ನೋದು ನನಗೆ ಗೊತ್ತಿರಲಿಲ್ಲ. ನಗಬೇಡಿ. ಈ ತೈವಾನಿನಲ್ಲಿ ಮನುಷ್ಯ ಹುಟ್ಟುವಾಗಲೇ ನೀಲಿ ಪಕ್ಷದವನಾಗಿಯೋ ಹಸಿರು ಪಕ್ಷದವನಾಗಿಯೋ ಹುಟ್ಟುತ್ತಾನೆ. ನಮ್ಮ ಲಿಯೂಗೌ ಊರಲ್ಲಂತೂ ಕ್ಷೌರದಂಗಡಿ ಎರಡು, ಸೋಯಾ ಹಾಲಿನ ಅಂಗಡಿ ಎರಡು, ಚಹಾ ಕುಡಿಯುತ್ತಾ ಹರಟುವ ಕಟ್ಟೆ ಎರಡು. ನೀಲಿಯವರ ಅಂಗಡಿಯ ರೇಡಿಯೋದಲ್ಲಿ ಹಸಿರಿನವರಿಗೆ ಬೈಗುಳ, ಹಸಿರಿನವರ ರೇಡಿಯೋದಲ್ಲಿ ನೀಲಿಯವರಿಗೆ ಬೈಗುಳ. ಇಂಥ ಊರಲ್ಲಿ ಯಾವ ಬಣ್ಣವೂ ಇಲ್ಲದೆ ಇರುವುದು ಅಂದರೆ ಕುಲಗೋತ್ರ ಇಲ್ಲದೆ ಇದ್ದಂತೆ.

ಇವರ ಮನೆಯವರು ನೀಲಿ. ಇವರ ಅಪ್ಪ ನೀರಾವರಿ ಕಾಲುವೆಯ ತೂಬು ಕಾಯುತ್ತಿದ್ದರು. ಆ ಕೆಲಸ ಕೊಡಿಸಿದ್ದು ನೀಲಿಯವರು, ಅವರ ಉಪ್ಪು ತಿಂದ ಮನೆ ಅದು. ನಮ್ಮ ತವರು ಹಸಿರು. ನಮ್ಮ ಚಿಕ್ಕಪ್ಪನನ್ನು ನೀಲಿಯವರದೇ ಆಳ್ವಿಕೆ ಇದ್ದ ಕಾಲದಲ್ಲಿ ಏನೋ ಓದಿದ ಅಂತ ಪೊಲೀಸರು ಹಿಡಿದುಕೊಂಡು ಹೋಗಿದ್ದರು. ತಿರುಗಿ ಬಂದಾಗ ಬಾಯಲ್ಲಿ ಹಲ್ಲಿರಲಿಲ್ಲ, ಸಾಯುವವರೆಗೂ ಬಾಗಿಲಿಗೆ ಬೆನ್ನು ಹಾಕಿ ಕೂತವನಲ್ಲ. ಅಂಥ ಎರಡು ಮನೆಗೆ ಸಂಬಂಧ ಕೂಡಿದ್ದೇ ಒಂದು ದೊಡ್ಡ ಕಥೆ. ಇವರು ಆಗ ಗುರುವಿನ ಹತ್ತಿರ ಅಡುಗೆ ಕಲಿಯುತ್ತಿದ್ದ ಹುಡುಗ. ನಮ್ಮ ಅಕ್ಕನ ಮದುವೆಗೆ ಅಡುಗೆಗೆ ಬಂದವರು, ನಾನು ಊಟ ಮಾಡಿಲ್ಲ ಅಂತ ಗಮನಿಸಿ ಒಂದು ಬಟ್ಟಲು ಅಂಟು ಅಕ್ಕಿಯ ಅನ್ನ ತೆಗೆದಿಟ್ಟಿದ್ದರು. ಅಷ್ಟಕ್ಕೇ ಬಿದ್ದೆ ನಾನು, ಏನು ಮಾಡುವುದು.

ಮದುವೆಯಾದ ಹೊಸದರಲ್ಲಿ ನಾನು ಇವರನ್ನು ಕೆಣಕುತ್ತಿದ್ದೆ. ನಿಮ್ಮ ನೀಲಿಯವರು ಹೀಗೆ ಮಾಡಿದರು, ಹಾಗೆ ಮಾಡಿದರು ಅಂತ. ಇವರು ಈರುಳ್ಳಿ ಹೆಚ್ಚುತ್ತಾ ಒಂದು ದಿನ ಹೇಳಿದರು.

"ನಮ್ಮಪ್ಪನಿಗೂ ಕಾರಣ ಇತ್ತು, ನಿನ್ನ ಚಿಕ್ಕಪ್ಪನಿಗೂ ಕಾರಣ ಇತ್ತು ಕಣೇ. ಆದ್ರೆ ಆ ಕಾರಣಾನ ಹೊಲಮನೆ ಥರ ಮಕ್ಕಳಿಗೆ ಬರೆದುಕೊಟ್ಬಿಟ್ರಲ್ಲ, ಅದು ನನಗೆ ಸರಿಬರಲ್ಲ."

ಆಮೇಲೆ ಬಾಯಿಗೆ ಬೀಗ. ಯಾರಾದರೂ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ನಗು. ಅದೇ ನಗುವನ್ನು ನೋಡಿ ನಮ್ಮ ಭಾವ, ಅಂದರೆ ಇವರ ಅಣ್ಣ ಜಿನ್‌ತು, ತಮ್ಮ ನಮ್ಮವನೇ ಅಂದುಕೊಂಡ. ಭಾವ ಊರ ನೀಲಿಯವರಿಗೆಲ್ಲ ಹಿರಿಯ, ಮಲಗುವಾಗಲೂ ನೀಲಿ ಟೋಪಿ ತೆಗೆಯುವುದಿಲ್ಲ ಅಂತ ಜನ ಆಡಿಕೊಳ್ಳುತ್ತಾರೆ. ಅದೇ ನಗುವನ್ನು ನೋಡಿ ನನ್ನ ತಮ್ಮ ಛಿಂಗ್‌ಫಾ, ಅಕ್ಕನ ಗಂಡ ಒಳಗೊಳಗೇ ನಮ್ಮವರು ಅಂದುಕೊಂಡ. ಅವನು ಹಸಿರಿನವರ ಪ್ರಚಾರದ ಗಾಡಿ ಓಡಿಸುವವನು, ಧ್ವನಿವರ್ಧಕ ಇಲ್ಲದೆಯೂ ಧ್ವನಿವರ್ಧಕದಂತೆಯೇ ಮಾತಾಡುತ್ತಾನೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎರಡೂ ಕಡೆಯವರ ಚುನಾವಣೆಯ ಔತಣಕ್ಕೆ ಇವರದೇ ಅಡುಗೆ.

ಇವರಿಗೆ ನಿಜವಾಗಿ ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ. ಅದು ಕಾಲುವೆಯ ಸೇತುವೆ.

ಊರನ್ನು ಸೀಳಿಕೊಂಡು ಹೋಗುವ ದೊಡ್ಡ ಕಾಲುವೆಗೆ ಮೊದಲು ಒಂದು ಹಳೆಯ ಸೇತುವೆ ಇತ್ತು. ಅನ್ನಕ್ಕಿಟ್ಟು ಆಚೆ ದಡದ ತವರಿಗೆ ಹೋಗಿ, ಅಮ್ಮನ ಹತ್ತಿರ ಎರಡು ಮಾತಾಡಿ, ಅನ್ನ ಹೊತ್ತುವ ಮುಂಚೆ ತಿರುಗಿ ಬರುತ್ತಿದ್ದೆ ನಾನು. ಒಂದು ಚಂಡಮಾರುತದಲ್ಲಿ ಅದು ಕೊಚ್ಚಿಕೊಂಡು ಹೋಯಿತು. ಆಗ ಪಟ್ಟಣದ ಮುಖ್ಯಸ್ಥ ನೀಲಿಯವನು. ನಮ್ಮ ಭಾವನ ಮನೆಯ ಎದುರಿಗೆ ನೀರಿನಲ್ಲಿ ಎರಡು ಕಂಬ ನಿಲ್ಲಿಸಿದ. ಅಷ್ಟರಲ್ಲಿ ಚುನಾವಣೆ ಬಂತು, ಹಸಿರಿನವನು ಗೆದ್ದ. ಆ ಜಾಗವೇ ಸರಿಯಿಲ್ಲ, ಅದು ನೀಲಿಯವರ ಹಿತ್ತಲಿಗೆ ಹಾಕಿದ ಸೇತುವೆ ಅಂದುಬಿಟ್ಟು, ಸ್ವಲ್ಪ ಕೆಳಗೆ ಬೇರೆ ಎರಡು ಕಂಬ ನಿಲ್ಲಿಸಿದ. ಮತ್ತೆ ಚುನಾವಣೆ, ಮತ್ತೆ ನೀಲಿ. ಈ ಕಂಬ ಬೇಡ, ಆ ಕಂಬಕ್ಕೆ ಹಣವಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಈಗ ಕಾಲುವೆಯಲ್ಲಿ ನಾಲ್ಕು ಕಂಬ ಇವೆ, ಸೇತುವೆ ಇಲ್ಲ. ಕಂಬದ ತುದಿಯಲ್ಲಿ ಬೆಳ್ಳಕ್ಕಿ ಕೂತು ಮೀನು ಹಿಡಿಯುತ್ತವೆ. ಜನ, ಶಾಲೆಯ ಮಕ್ಕಳು, ಹೆಣದ ಮೆರವಣಿಗೆ, ಎಲ್ಲರೂ ಹೆದ್ದಾರಿ ಸುತ್ತಿಕೊಂಡು ಲಾರಿಗಳ ಮಧ್ಯೆ ನುಸುಳಿ ಹೋಗಬೇಕು.

ಈ ಸಲ ಚುನಾವಣೆಗೆ ಮುಂಚೆ ಇವರು ಒಂದು ಕೆಲಸ ಮಾಡಿದರು. ಜಿಲ್ಲೆಯ ಮುಖ್ಯಸ್ಥನ ಸ್ಥಾನಕ್ಕೆ ನೀಲಿಯವನೊಬ್ಬ, ಹಸಿರಿನವನೊಬ್ಬ. ಪಟ್ಟಣದ ಮುಖ್ಯಸ್ಥನ ಸ್ಥಾನಕ್ಕೆ ನೀಲಿಯವನೊಬ್ಬ, ಹಸಿರಿನವಳೊಬ್ಬಳು. ನಾಲ್ವರ ಔತಣಕ್ಕೂ ಇವರದೇ ಅಡುಗೆ. ನಾಲ್ವರೂ ಒಲೆಯ ಹತ್ತಿರ ಬಂದು, ಹುವೊ ಅಣ್ಣ, ಊಟ ಅಮೃತ ಅಂತ ಕೈ ಕುಲುಕಿದಾಗ, ಇವರು ಕೈ ಬಿಡದೆ ಒಂದೇ ಪ್ರಶ್ನೆ ಕೇಳಿದರು: ಸೇತುವೆಯನ್ನು ಯಾರ ಕಂಬದ ಮೇಲೆ ಕಟ್ಟುತ್ತೀರಿ? ಏನು ಉತ್ತರ ಬಂತು ಅಂತ ನಾನು ಕೇಳಿದರೆ, ಎಲ್ಲರೂ ಉತ್ತರ ಕೊಟ್ಟರು ಅಂದು ಒಲೆಯ ಕಡೆ ತಿರುಗಿದರು.

ಇಷ್ಟರ ನಡುವೆ ನಮ್ಮ ಮಗಳು ಪೇಯುನ್‌ಗೆ ಮದುವೆ ನಿಶ್ಚಯವಾಗಿತ್ತು. ಚುನಾವಣೆ ಶನಿವಾರ, ನಮ್ಮ ಕಡೆಯ ಔತಣ ಅದರ ಮುಂದಿನ ವಾರದ ಭಾನುವಾರ. ನಿಮಗೆ ಗೊತ್ತಿರಬಹುದು, ಮೇಲೆ ಆಕಾಶದೊಡೆಯ, ಕೆಳಗೆ ಸೋದರಮಾವ ಅಂತ ನಮ್ಮಲ್ಲಿ ಗಾದೆ. ಸೋದರಮಾವ ಮುಖ್ಯ ಮೇಜಿನ ದೊಡ್ಡ ಕುರ್ಚಿಯಲ್ಲಿ ಕೂರದೆ ಮದುವೆಯೂಟ ಶುರುವಾಗುವ ಹಾಗಿಲ್ಲ. ಅದೇ ಮೇಜಿಗೆ ದೊಡ್ಡಪ್ಪನೂ ಕೂರಬೇಕು. ಸೋದರಮಾವ ನನ್ನ ತಮ್ಮ ಛಿಂಗ್‌ಫಾ, ದೊಡ್ಡಪ್ಪ ನಮ್ಮ ಭಾವ ಜಿನ್‌ತು. ಕಂಬದ ಜಗಳ ಶುರುವಾದಾಗಿನಿಂದ ಈ ಇಬ್ಬರು ಒಂದೇ ಸೂರಿನ ಕೆಳಗೆ ನಿಂತವರಲ್ಲ. ನಮ್ಮನೆಯವರು ತಿಂಗಳುಗಟ್ಟಲೆ ಅವರ ಮನೆಗೂ ಇವರ ಮನೆಗೂ ತಿರುಗಿ ಇಬ್ಬರನ್ನೂ ಒಪ್ಪಿಸಿದರು. ಭಾವ ಯಾಕೆ ಒಪ್ಪಿದ? ತಮ್ಮ ನಮ್ಮವನು, ಆ ಹಸಿರಿನವನನ್ನು ಒಂದು ದಿನ ಸಹಿಸಿಕೊಂಡರಾಯಿತು ಅಂತ. ಛಿಂಗ್‌ಫಾ ಯಾಕೆ ಒಪ್ಪಿದ? ಅಕ್ಕನ ಗಂಡ ನಮ್ಮವರು, ಆ ನೀಲಿ ಟೋಪಿಯನ್ನು ಒಂದು ಹೊತ್ತು ನುಂಗಿಕೊಂಡರಾಯಿತು ಅಂತ. ನನ್ನ ಮಗಳ ಮದುವೆ ನಿಂತಿದ್ದು ನನ್ನ ಗಂಡನ ಒಂದು ನಗುವಿನ ಮೇಲೆ.

ಚುನಾವಣೆಯ ದಿನ ಬೆಳಿಗ್ಗೆ ಮತ ಹಾಕಲು ಹೋದವರು ಮನೆಗೆ ಬಂದು ಅಂಗಳದ ಬಾವಿಕಟ್ಟೆ ಮೇಲೆ ಕೂತುಬಿಟ್ಟರು. ನಾನು ಮೂಲಂಗಿ ತುರಿಯುತ್ತಿದ್ದೆ. ಏನ್ರೀ ಅಂದೆ. ಜೇಬಿನಿಂದ ತಮ್ಮ ಹೆಸರಿನ ಮುದ್ರೆ ತೆಗೆದು ನನ್ನ ಮುಂದೆ ಹಿಡಿದರು.

"ಇದನ್ನೇ ಒತ್ತಿಬಿಟ್ಟೆ ಕಣೇ."

ತುರಿಯುವುದನ್ನು ಬಿಟ್ಟೆ. ಮತಗಟ್ಟೆಗೆ ಹೋಗುವಾಗ ಗುರುತಿನ ಚೀಟಿ ಜೊತೆಗೆ ನಮ್ಮ ಹೆಸರು ಕೆತ್ತಿದ ಮುದ್ರೆಯನ್ನೂ ಒಯ್ಯುತ್ತೇವೆ. ಮತಚೀಟಿ ತೆಗೆದುಕೊಂಡದ್ದಕ್ಕೆ ಪಟ್ಟಿಯಲ್ಲಿ ಅದನ್ನು ಒತ್ತಬೇಕು. ಆಮೇಲೆ ಪರದೆಯ ಹಿಂದೆ ಹೋದಾಗ ಅದನ್ನು ಜೇಬಿಗೆ ಹಾಕಿ, ಅಲ್ಲಿಟ್ಟಿರುವ ಸರ್ಕಾರದ ಮುದ್ರೆಯನ್ನು ಒತ್ತಬೇಕು. ಕೈಯಲ್ಲಿರುವ ತಮ್ಮದನ್ನೇ ಒತ್ತಿಬಿಡುವ ಮುದುಕರು ಪ್ರತಿ ಸಲ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಒತ್ತಿದರೆ ಆ ಮತ ಅಸಿಂಧು, ಬೇರೆ ಚೀಟಿ ಕೊಡುವುದಿಲ್ಲ. ಮತ ಹಾಳಾದರೆ ಹಾಳಾಗಲಿ. ಆದರೆ ಸಂಜೆ ನಾಲ್ಕಕ್ಕೆ ಅದೇ ಕೋಣೆಯ ಕಿಟಕಿ ಬಾಗಿಲು ತೆರೆದು, ಊರೆಲ್ಲರ ಎದುರಿಗೆ, ಒಂದೊಂದೇ ಚೀಟಿಯನ್ನು ಎತ್ತಿ ತೋರಿಸಿ ಎಣಿಸುತ್ತಾರೆ. ಯಾರ ಹೆಸರಿನ ಕೆಳಗೆ ಯಾರ ಮುದ್ರೆ ಬಿದ್ದಿದೆ ಅನ್ನುವುದು ಜಗಜ್ಜಾಹೀರು.

ಅಷ್ಟು ಸಾಲದು ಅಂತ, ಚೀಟಿ ಎತ್ತುವವನ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಎರಡು ಪಕ್ಷಗಳ ಮೇಲ್ವಿಚಾರಕರು ಈ ಸಲ ಯಾರು ಗೊತ್ತೇ? ನೀಲಿಗೆ ನಮ್ಮ ಭಾವ, ಹಸಿರಿಗೆ ನನ್ನ ತಮ್ಮ.

ಹೇಗೆ ಹೀಗಾಯಿತು ಅಂತ ಕೇಳಿದೆ. ಇವರು ಒಳಗೆ ಕಾಲಿಟ್ಟಾಗ ಈ ಕಡೆಯಿಂದ ಅಣ್ಣ ಕಣ್ಣು ಹೊಡೆದನಂತೆ. ತಿರುಗಿದರೆ ಆ ಕಡೆಯಿಂದ ಛಿಂಗ್‌ಫಾ ಕಣ್ಣು ಹೊಡೆದನಂತೆ. ಪರದೆ ಹಿಂದೆ ಹೋದಾಗ ಗಾಬರಿಯಲ್ಲಿ ಕೈಯಲ್ಲಿದ್ದ ಮುದ್ರೆಯನ್ನೇ ಒತ್ತಿದರಂತೆ. ಜಿಲ್ಲೆಯದಕ್ಕೂ ಪಟ್ಟಣದ್ದಕ್ಕೂ ಒತ್ತಿಯಾದ ಮೇಲೆ ಸರ್ಕಾರದ ಮುದ್ರೆ ಕಣ್ಣಿಗೆ ಬಿತ್ತಂತೆ.

ನಾನು ಎಂಥ ಹೆಂಗಸು ನೋಡಿ. ಮಗಳ ಮದುವೆ ಮುಳುಗುತ್ತಿರುವ ಹೊತ್ತಲ್ಲಿ ನನ್ನ ಬಾಯಿಂದ ಮೊದಲು ಬಂದ ಮಾತು, "ಯಾರಿಗ್ರೀ ಒತ್ತಿದ್ರಿ?"

ಇವರು ನನ್ನ ಮುಖ ನೋಡಿದರು. ಎದ್ದು ಹೋಗಿ ಮದುವೆಗೆ ತಂದಿದ್ದ ಒಣ ಅಣಬೆಯನ್ನು ವಿಂಗಡಿಸುತ್ತಾ ಕೂತರು. ಆ ಹಗಲು ನಾನು ಎಷ್ಟು ದೇವರಿಗೆ ಊದುಬತ್ತಿ ಹಚ್ಚಿದೆನೋ. ನೀಲಿ ಆದರೆ ಛಿಂಗ್‌ಫಾ ಬರುವುದಿಲ್ಲ. ಹಸಿರು ಆದರೆ ಭಾವ ಬರುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಕೊನೆಗೆ, ದೇವರೇ, ಚೀಟಿ ಹರಿದು ಹೋಗಿರಲಿ ಅಂತ ಬೇಡಿಕೊಂಡೆ.

ಸಂಜೆ ಶಾಲೆಗೆ ನಾನೊಬ್ಬಳೇ ಹೋದೆ. ಕಿಟಕಿಯ ಹತ್ತಿರ ನಿಂತೆ. ಜಿಲ್ಲೆಯ ಚೀಟಿಗಳ ಎಣಿಕೆ ಮೊದಲು. ಶಾಲೆಯ ಮೇಷ್ಟ್ರು ಒಬ್ಬರು ಚೀಟಿ ಎತ್ತಿ, ಅತ್ತ ಇತ್ತ ತಿರುಗಿಸಿ ತೋರಿಸಿ, ಒಂದನೇ ನಂಬರು, ಎರಡನೇ ನಂಬರು ಅಂತ ಕೂಗುತ್ತಿದ್ದರು. ಇನ್ನೊಬ್ಬರು ಗೋಡೆಯ ಕಾಗದದ ಮೇಲೆ ಗೀಟು ಎಳೆಯುತ್ತಿದ್ದರು. ಕೂಗು ಒಮ್ಮೆಲೇ ನಿಂತಿತು. ಮೇಷ್ಟ್ರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. ಅಸಿಂಧು, ಸ್ವಂತ ಮುದ್ರೆ ಅಂದು ಎತ್ತಿ ತೋರಿಸಿದರು. ನಮ್ಮ ಭಾವ ಕನ್ನಡಕ ಏರಿಸಿ ಬಗ್ಗಿ ನೋಡಿ, "ಅರೆ, ನಮ್ಮ ಹುವೊನದು" ಅಂದುಬಿಟ್ಟ. ಮುದ್ರೆ ಬಿದ್ದಿದ್ದು ನೀಲಿಯವನ ಕೆಳಗೆ. ಭಾವನ ಮುಖ ದೀಪ ಹಚ್ಚಿದಂತಾಯಿತು. ಛಿಂಗ್‌ಫಾನ ಮುಖ ನೋಡಲಾರದೆ ನಾನು ತಲೆ ತಗ್ಗಿಸಿದೆ.

ಆಮೇಲೆ ಪಟ್ಟಣದ ಚೀಟಿಗಳು. ಮತ್ತೆ ಕೂಗು ನಿಂತಿತು. ಮತ್ತೆ ಸ್ವಂತ ಮುದ್ರೆ. ಈ ಸಲ ಬಿದ್ದಿದ್ದು ಹಸಿರಿನವಳ ಕೆಳಗೆ.

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಭಾವನೂ ಛಿಂಗ್‌ಫಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಷ್ಟೋ ವರ್ಷದ ಮೇಲೆ ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೇ ಕಿಟಕಿಯ ಕಡೆ ತಿರುಗಿ ನನ್ನನ್ನು ನೋಡಿದರು. ನಾನೇನು ಮಾಡಿದ್ದೆ ಸ್ವಾಮಿ? ಆ ಎರಡು ಚೀಟಿಯಿಂದ ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ. ಜಿಲ್ಲೆಗೆ ಹಸಿರು ಗೆದ್ದಿತು, ಪಟ್ಟಣಕ್ಕೆ ನೀಲಿ ಗೆದ್ದಿತು. ಅಂದರೆ ನಮ್ಮನೆಯವರು ಆರಿಸಿದ ಇಬ್ಬರೂ ಸೋತಿದ್ದರು, ಅದೂ ಅಸಿಂಧು ಮತದ ಸಮೇತ.

ಮಾರನೆಯ ದಿನ ಭಾವ ಬಂದು ಬಾಗಿಲಲ್ಲೇ ನಿಂತು, ಎರಡು ದೋಣಿಯಲ್ಲಿ ಕಾಲಿಟ್ಟವನ ಮನೆಯ ಮೇಜಿಗೆ ನಾನು ಕೂರುವುದಿಲ್ಲ ಅಂದು ಹೋದ. ಮಧ್ಯಾಹ್ನ ಛಿಂಗ್‌ಫಾ ಫೋನು ಮಾಡಿ, ಅಕ್ಕಾ, ನನ್ನ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿಕೋ ಅಂದ. ಒಂದೇ ಬಣ್ಣಕ್ಕೆ ಹಾಕಿದ್ದರೆ ಒಬ್ಬನಾದರೂ ಉಳಿಯುತ್ತಿದ್ದ. ಈಗ ಇಬ್ಬರೂ ಇಲ್ಲ. ಪೇಯುನ್ ಮದುವೆಯ ಉಡುಪನ್ನು ಪೆಟ್ಟಿಗೆಗೆ ಮಡಿಸಿಟ್ಟು, ಸೋದರಮಾವ ಇಲ್ಲದ ಮದುವೆ ಅಂತ ಅತ್ತೆ ಮನೆಯವರು ನಾಳೆ ಆಡಿಕೊಂಡರೆ ಏನಂತ ಹೇಳಲಿ ಅಮ್ಮಾ ಅಂದಳು. ಅವಳು ಅಷ್ಟಂದದ್ದಕ್ಕೆ ನಾನು ಇವರ ಮೇಲೆ ಹರಿಹಾಯ್ದೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವರು ಕೈಯನ್ನೂ ಸರಿಯಾಗಿ ಇಟ್ಟುಕೊಳ್ಳಬೇಕಿತ್ತು ಅಂತ. ನನಗೆ ಇವತ್ತಿಗೂ ಆ ಮಾತಿಗೆ ಸಂಕಟ ಆಗುತ್ತದೆ. ಆ ವಾರವಿಡೀ ಇವರು ಎರಡು ಮನೆಗೂ ಹೋಗಿ ಬಂದರು. ಇಬ್ಬರೂ ಬಾಗಿಲು ತೆಗೆಯಲಿಲ್ಲ.

ಭಾನುವಾರ ಬೆಳಿಗ್ಗೆ ಶಾಮಿಯಾನ ಎದ್ದಿತ್ತು, ಹಬೆಯ ಡಬ್ಬಿಗಳು ಒಂದರ ಮೇಲೊಂದು ಏರಿದ್ದವು. ಇವರು ಸೌಟನ್ನು ಕೈಯಾಳಿಗೆ ಕೊಟ್ಟು, ಏಪ್ರನ್ನು ಕಟ್ಟಿಕೊಂಡೇ ಕಾಲುವೆಯ ಕಡೆ ಹೊರಟರು. ನಾನೂ ಹಿಂದೆ ಓಡಿದೆ. ಆಚೆ ದಡದಲ್ಲಿ ಛಿಂಗ್‌ಫಾ ದಿನದಂತೆ ಬೆಳ್ಳುಳ್ಳಿ ಮಡಿಗೆ ನೀರು ಹಾಕುತ್ತಿದ್ದ. ಈಚೆ ದಡದಲ್ಲಿ ಭಾವ ತನ್ನ ಮನೆಯ ಜಗಲಿಯಲ್ಲಿ ಕೂತು ನೋಡದವನ ಹಾಗೆ ನೋಡುತ್ತಿದ್ದ. ಮಧ್ಯೆ ನೀರಲ್ಲಿ ನಾಲ್ಕು ಕಂಬ.

ಇವರು ಕೈಯೆತ್ತಿ ಛಿಂಗ್‌ಫಾನನ್ನು ಕರೆದರು. ಸೋದರಮಾವನನ್ನು ಕರೆಯಲು ಬಂದಿದ್ದೇನೆ ಅಂದರು. ಛಿಂಗ್‌ಫಾ ನೀರಿನ ಪೈಪು ಕೆಳಗೆ ಬಿಟ್ಟ.

"ನನ್ನ ಮುಖಕ್ಕೆ ಮಸಿ ಬಳಿದ್ರಿ ಭಾವ. ನಮ್ಮವರು ನಮ್ಮವರು ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ದೀನಿ ನಾನು."

ಇತ್ತ ಜಗಲಿಯಿಂದ ಭಾವ ಎದ್ದ. "ನನಗೂ ಅದೇ ಗತಿ ಆಯ್ತು ಕಣೋ ಛಿಂಗ್‌ಫಾ. ಕೇಳು ಅವನ್ನ. ಸರಿಯಾಗಿ ಕೇಳು."

ನನಗೆ ಅಳು ಬರಬೇಕಿತ್ತು, ನಗು ಬಂತು. ವರ್ಷಗಟ್ಟಲೆ ಹೆಸರೆತ್ತಿ ಕರೆಯದವರು ಇವತ್ತು ನನ್ನ ಗಂಡನನ್ನು ಬೈಯುವುದಕ್ಕೆ ಒಂದಾಗಿದ್ದರು. ನಮ್ಮನೆಯವರು ಆಚೆ ನೋಡಿದರು, ಈಚೆ ನೋಡಿದರು. ಆಮೇಲೆ ಈ ಕೂಗಾಡಲು ಬಾರದ ಮನುಷ್ಯ ಕಾಲುವೆಗೆ ಅಡ್ಡಲಾಗಿ ಕೂಗಿದರು.

"ಯಾರಿಗೆ ಹಾಕ್ದೆ ಅಂತ ಎಲ್ಲರೂ ಕೇಳಿದ್ರಿ. ಯಾಕೆ ಹಾಕ್ದೆ ಅಂತ ಒಬ್ಬರಾದ್ರೂ ಕೇಳಿದ್ರೇನ್ರೋ?"

ಆಗ ಇವರು ಹೇಳಿದರು. ನಾಲ್ವರನ್ನೂ ಕೇಳಿದ್ದೆ, ಯಾರ ಕಂಬದ ಮೇಲೆ ಸೇತುವೆ ಅಂತ. ಪಟ್ಟಣದ ನೀಲಿಯವನು, ಹಸಿರಿನವರ ಕಂಬ ಮುಟ್ಟೋದಿಲ್ಲ ಅಂದ. ಜಿಲ್ಲೆಯ ಹಸಿರಿನವನು, ನೀಲಿಯವರ ಕಂಬ ಮುಟ್ಟೋದಿಲ್ಲ ಅಂದ. ಜಿಲ್ಲೆಯ ನೀಲಿಯವನು ಮಾತ್ರ, ಯಾವ ಕಂಬ ಗಟ್ಟಿ ಇದೆಯೋ ಅದರ ಮೇಲೆ ಅಂದ. ಪಟ್ಟಣದ ಹಸಿರಿನವಳು ಏನೂ ಹೇಳಲಿಲ್ಲ, ಮಾರನೇ ದಿನ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಬಂದು, ನೀರಿಗಿಳಿದು, ನಾಲ್ಕೂ ಕಂಬ ತಟ್ಟಿ ನೋಡಿ ಹೋದಳು. ಇಷ್ಟೇ ಲೆಕ್ಕ. ಒಬ್ಬ ನೀಲಿಯವನು, ಒಬ್ಬಳು ಹಸಿರಿನವಳು. ಅದಕ್ಕೆ ನಾನೇನು ಮಾಡಲಿ?

"ಎರಡು ದೋಣಿ ಅಂದೆಯಲ್ಲ ಅಣ್ಣ," ಇವರು ಜಗಲಿಯ ಕಡೆ ತಿರುಗಿದರು, "ನನಗೆ ದೋಣಿ ಬೇಡ ಕಣೋ. ನಡ್ಕೊಂಡು ಆಚೆ ಹೋಗ್ಬೇಕು ಅಷ್ಟೇ."

ಇವರು ಏಪ್ರನ್ನಿನ ತುದಿಯಲ್ಲಿ ಮುಖ ಒರೆಸಿಕೊಂಡು, ಸೂಪು ಬಿಸಿ ಇದೆ, ನೀನು ಕೂರದೆ ಬಡಿಸೋದಿಲ್ಲ ಅಂತ ಆಚೆ ದಡಕ್ಕೆ ಹೇಳಿ, ತಿರುಗಿ ನೋಡದೆ ಹೊರಟರು.

ಮಧ್ಯಾಹ್ನ ಮೇಜುಗಳೆಲ್ಲ ತುಂಬಿದವು. ಪೇಯುನ್ ಕೆಂಪು ಉಡುಪಿನಲ್ಲಿ ಗಂಡನ ಪಕ್ಕ ಕೂತು ರಸ್ತೆಯನ್ನೇ ನೋಡುತ್ತಿದ್ದಳು. ಮುಖ್ಯ ಮೇಜಿನಲ್ಲಿ ಎರಡು ಕುರ್ಚಿ ಖಾಲಿ. ಭಾವ ಬಂದಿದ್ದ, ಆದರೆ ಕೂರಲಿಲ್ಲ. ಅವನು ಕೂತರೆ ನಾನು ಕೂರುತ್ತೇನೆ, ಮೊದಲು ಸೋಲುವವನು ನಾನಲ್ಲ ಅನ್ನುವ ಹಾಗೆ ಶಾಮಿಯಾನದ ಹಗ್ಗ ಹಿಡಿದು ನಿಂತಿದ್ದ. ಬೀಗರು ಗಡಿಯಾರ ನೋಡತೊಡಗಿದರು. ನಾನು ಒಲೆಯ ಕಡೆ ಓಡಿದೆ. ಅಲ್ಲಿ ಇವರು ದೊಡ್ಡ ಪಾತ್ರೆಯ ಸೂಪನ್ನು ಸಣ್ಣ ಉರಿಯಲ್ಲಿಟ್ಟು, ಅದರಿಂದ ಒಂದು ಸಣ್ಣ ಪಾತ್ರೆಗೆ ತೋಡಿ, ಮುಚ್ಚಳ ತೆಗೆದು ನೆರಳಲ್ಲಿ ನೆಲದ ಮೇಲೆ ಇಟ್ಟಿದ್ದರು. ಆರಿಹೋಗ್ತದಲ್ರೀ ಅಂತ ನಾನು ಎತ್ತಲು ಹೋದರೆ, ಮುಟ್ಟಬೇಡ ಅಂದರು. ಗಾಬರಿಯಲ್ಲಿ ತಲೆ ಕೆಟ್ಟಿದೆ ಪಾಪ ಅಂದುಕೊಂಡೆ.

ಆ ಹೊತ್ತಿಗೆ ಹೆದ್ದಾರಿಯ ಕಡೆಯಿಂದ ಧೂಳು ಎಬ್ಬಿಸಿಕೊಂಡು ಪ್ರಚಾರದ ಗಾಡಿ ಬಂತು. ಛಿಂಗ್‌ಫಾ ಇಳಿದ. ಸೂಟು ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ಲಾರಿಗಳು, ಎಷ್ಟು ಲಾರಿಗಳು ಅಂತ ಗೊಣಗುತ್ತಾ, ಯಾರ ಮುಖವನ್ನೂ ನೋಡದೆ, ನೆಟ್ಟಗೆ ಬಂದು ದೊಡ್ಡ ಕುರ್ಚಿಯ ಹಿಂದೆ ನಿಂತ. ಭಾವ ಹಗ್ಗ ಬಿಟ್ಟು ಬಂದ. ಇಬ್ಬರೂ ಒಂದೇ ಸಲಕ್ಕೆ ಕೂತರು. ಪೇಯುನ್ ಕಣ್ಣೊರೆಸಿಕೊಂಡಳು. ಪಟಾಕಿ ಹಚ್ಚಿದರು.

ಗೆದ್ದವರು ಮದುವೆಮನೆಗೆ ಬಂದು ಮೇಜಿನಿಂದ ಮೇಜಿಗೆ ಲೋಟ ಎತ್ತುತ್ತಾ ಹೋಗುವುದು ನಮ್ಮಲ್ಲಿ ಇದ್ದದ್ದೇ. ಪಟ್ಟಣಕ್ಕೆ ಹೊಸದಾಗಿ ಗೆದ್ದ ನೀಲಿಯ ಮುಖ್ಯಸ್ಥನೂ ಬಂದ. ಭಾವ ಹೆಮ್ಮೆಯಿಂದ ಅವನನ್ನು ಕರೆದು ತನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿದ. ತಂಪು ತಿನಿಸಿನ ತಟ್ಟೆ ಹೋಯಿತು, ಸೂಪು ಬಂತು. ಬೇರೆ ಮೇಜುಗಳಲ್ಲೆಲ್ಲ ಹಬೆ ಏಳುತ್ತಿತ್ತು. ಮುಖ್ಯ ಮೇಜಿಗೆ ಮಾತ್ರ ನಮ್ಮನೆಯವರು ಆ ಸಣ್ಣ ಪಾತ್ರೆಯನ್ನು ತಾವೇ ಹೊತ್ತು ತಂದು, ತಾವೇ ಬಡಿಸಿದರು.

ಕೋಳಿ, ಕಳಲೆ, ಏಡಿ ಹಾಕಿ ಗಟ್ಟಿ ಮಾಡುವ ಸೂಪು ಅದು. ಬಿಸಿಯಿದ್ದರೆ ಅಮೃತ, ಆರಿದರೆ ಗೋಂದು. ಛಿಂಗ್‌ಫಾ ಒಂದು ಚಮಚ ಬಾಯಿಗಿಟ್ಟು ನಿಲ್ಲಿಸಿದ. ಇವರ ಕೈಯಿಂದ ಆರಿದ ಸೂಪು ಬಂದದ್ದನ್ನು ಈ ಊರು ಕಂಡಿರಲಿಲ್ಲ.

"ಭಾವ, ತಣ್ಣಗಾಗಿದೆ."

"ಹೂಂ," ಅಂದರು ಇವರು. "ಸೇತುವೆ ಇಲ್ಲದೆ ಹೆದ್ದಾರಿ ಸುತ್ತಿಕೊಂಡು ಬಂದೆಯಲ್ಲ. ನೀನು ಬರೋ ಹೊತ್ತಿಗೆ ಆರಿತು."

ಹೊಸ ಮುಖ್ಯಸ್ಥ ಚಮಚವನ್ನು ಬಟ್ಟಲಿನಲ್ಲೇ ಬಿಟ್ಟು, ನಗುತ್ತಾ, ಬೇರೆ ಮದುವೆಗೂ ಹೋಗಬೇಕು ಅಂತ ಏಳಲು ಹೊರಟ. ನಾನು ಭಾವನ ಮುಖವನ್ನೇ ನೋಡುತ್ತಿದ್ದೆ. ಭಾವ ತನ್ನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಆ ಗೋಂದನ್ನು ಕೊನೆಯ ಗುಟುಕಿನವರೆಗೆ ಕುಡಿದ. ಬಟ್ಟಲು ಕೆಳಗಿಟ್ಟ. ಆಮೇಲೆ ತಲೆಯ ಮೇಲಿನ ನೀಲಿ ಟೋಪಿಯನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಮುಖ್ಯಸ್ಥನ ತೋಳು ಹಿಡಿದು ಕೂರಿಸಿದ.

"ನೀವೂ ಕುಡೀರಿ ಸ್ವಾಮಿ. ನನ್ನ ತಮ್ಮ ಮಾಡಿದ್ದು."

"ಪೂರ್ತಿ ಕುಡೀರಿ," ಅಂದ ಛಿಂಗ್‌ಫಾ, ತನ್ನ ಬಟ್ಟಲನ್ನು ಬಾಯಿಗೆತ್ತುತ್ತಾ.

ಮುಖ್ಯಸ್ಥ ಅತ್ತ ಇತ್ತ ನೋಡಿದ. ಸುತ್ತಲಿನ ಮೇಜುಗಳವರು ಚಮಚ ಕೆಳಗಿಟ್ಟು ಅವನನ್ನೇ ನೋಡುತ್ತಿದ್ದರು. ಅವನು ಕುಡಿದ. ಅವನ ಬಟ್ಟಲಿನ ತಳ ಕಾಣುವವರೆಗೆ ನಮ್ಮನೆಯವರು ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಒಲೆಯ ಹತ್ತಿರ ಹೋಗಿ, ಬಿಸಿ ಸೂಪಿನ ಪಾತ್ರೆ ತಂದು, ಮೊದಲು ಸೋದರಮಾವನಿಗೆ ಬಡಿಸಿದರು.